ಹಳೆ ಕಾರಿನಲ್ಲಿ ಸುಮ್ಮನೆ ಉರಿಯುವ ವಾರ್ನಿಂಗ್ ಲೈಟ್: ಕೊಚ್ಚಿ, ತಿರುವನಂತಪುರದ ಮಳೆಯಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಪರೀಕ್ಷಿಸಬೇಕು?

ಜೂನ್ ಆರಂಭದಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟರೆ ಕೊಚ್ಚಿ ಮತ್ತು ತಿರುವನಂತಪುರದಲ್ಲಿ ಹಳೆಯ ಕಾರು ಓಡಿಸುವವರಿಗೆ ಹೊಸ ತಲೆನೋವೊಂದು ಶುರುವಾಗುತ್ತದೆ. ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ, ಎಂಜಿನ್ ಶಬ್ದದಲ್ಲಿ ವ್ಯತ್ಯಾಸವಿರುವುದಿಲ್ಲ, ಮೈಲೇಜ್ ಕೂಡ ಇಳಿದಿರುವುದಿಲ್ಲ. ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಎಬಿಎಸ್, ಏರ್‌ಬ್ಯಾಗ್ ಅಥವಾ ಚೆಕ್ ಎಂಜಿನ್ ಲೈಟ್ ಉರಿಯುತ್ತಲೇ ಇರುತ್ತದೆ. ಎರಡು ದಿನ ಬಿಸಿಲು ಬಿದ್ದರೆ ತಾನಾಗಿಯೇ ಆರುತ್ತದೆ, ಮಳೆ ಬಂದರೆ ಮತ್ತೆ ಹಾಜರ್.

ಇಂಥ ಹೊತ್ತಿನಲ್ಲಿ ಮಾಲೀಕರು ಎರಡು ತಪ್ಪು ಮಾಡುತ್ತಾರೆ. ಕೆಲವರು ಲೈಟ್ ಸೂಚಿಸಿದ ಭಾಗವನ್ನೇ ಸಾವಿರಾರು ರೂಪಾಯಿ ಕೊಟ್ಟು ಬದಲಿಸುತ್ತಾರೆ. ಇನ್ನು ಕೆಲವರು 'ಇದು ಯಾವಾಗಲೂ ಹೀಗೇ' ಎಂದು ಓಡಿಸುತ್ತಾರೆ, ನಿಜವಾದ ಎಚ್ಚರಿಕೆ ಬಂದ ದಿನವೂ ನಿಲ್ಲಿಸುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯಕಾರಿ.

ಹೀಗಾಗಿ ಮೊದಲು ಒಂದು ನಿಯಮ. ಆಯಿಲ್ ಪ್ರೆಶರ್, ಎಂಜಿನ್ ತಾಪಮಾನ ಮತ್ತು ಬ್ರೇಕ್ ಈ ಮೂರು ಕೆಂಪು ಲೈಟ್‌ಗಳನ್ನು ಪರೀಕ್ಷೆ ಮುಗಿಯುವವರೆಗೆ ಸುಳ್ಳು ಎಂದು ಭಾವಿಸಲೇಬಾರದು. ಓಡುವಾಗ ಆಯಿಲ್ ಲೈಟ್ ಉರಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಬೇಕು. ಮಟ್ಟ ಸರಿಯಿದ್ದ ಮಾತ್ರಕ್ಕೆ ಒತ್ತಡವೂ ಸರಿಯಿದೆ ಎಂದಲ್ಲ. ಆಯಿಲ್ ಪಂಪ್ ಸವೆದಿರಬಹುದು, ಕೆಳಗಿನ ಜಾಲರಿ ಕಟ್ಟಿರಬಹುದು.

ಈ ಲೈಟ್ ಸುಳ್ಳು ಹೇಳುವುದೂ ಉಂಟು. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಎಂಜಿನ್‌ಗೆ ತಿರುಗಿಸಿ ಕೂರಿಸಿದ ಒಂದು ಸಣ್ಣ ಸ್ವಿಚ್ ಮತ್ತು ಅದಕ್ಕೆ ಒಂದೇ ವೈರ್ ಇರುತ್ತದೆ. ಒತ್ತಡ ಇಳಿದರೆ ಸ್ವಿಚ್ ಆ ವೈರನ್ನು ಬಾಡಿಗೆ ಮುಟ್ಟಿಸುತ್ತದೆ, ಲೈಟ್ ಹೊತ್ತಿಕೊಳ್ಳುತ್ತದೆ. ವೈರ್‌ನ ಪ್ಲಾಸ್ಟಿಕ್ ಉಜ್ಜಿ ಹೋಗಿ ತಾಮ್ರ ಎಂಜಿನ್‌ಗೆ ತಾಗಿದರೂ ಆಗುವುದು ಅದೇ. ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಇರುವಾಗ ಮೆಕಾನಿಕ್ ಈ ವೈರ್ ಕಳಚಿ ನೋಡುತ್ತಾರೆ. ಆಗಲೂ ಲೈಟ್ ಉರಿಯುತ್ತಿದ್ದರೆ ದೋಷ ವೈರಿಂಗ್‌ನಲ್ಲಿದೆ. ಆರಿದರೆ ವೈರ್ ಸರಿಯಿದೆ. ಸ್ವಿಚ್ ಕೆಟ್ಟಿದೆಯೋ, ಒತ್ತಡವೇ ಇಲ್ಲವೋ ಎಂಬುದು ಉಳಿಯುತ್ತದೆ. ಅದಕ್ಕೆ ಸ್ವಿಚ್ ತೆಗೆದು ಆ ಜಾಗಕ್ಕೆ ಗೇಜ್ ಹಾಕಿ ಎಂಜಿನ್ ಚಾಲೂ ಮಾಡಿ ಅಳೆಯಬೇಕು. ಅಲ್ಲಿಯವರೆಗೆ ಕಾರನ್ನು ಟೋ ಮಾಡಿಸುವುದೇ ಅಗ್ಗ.

ಬ್ರೇಕ್ ಲೈಟ್ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಯದಿದ್ದರೂ ಉರಿಯುತ್ತದೆ, ಬ್ರೇಕ್ ಫ್ಲೂಯಿಡ್ ಕಡಿಮೆಯಾದರೂ ಉರಿಯುತ್ತದೆ. ಏರು ಹತ್ತುವಾಗ ಅಥವಾ ತಿರುವಿನಲ್ಲಿ ಮಾತ್ರ ಮಿನುಗಿದರೆ ಫ್ಲೂಯಿಡ್ ಅಂಚಿಗೆ ಬಂದಿದೆ ಎಂದರ್ಥ. ಬರೀ ತುಂಬಿಸಿ ಮುಂದೆ ಹೋಗುವ ಬದಲು ಪ್ಯಾಡ್ ಸವೆದಿದೆಯೇ, ಸೋರಿಕೆ ಇದೆಯೇ ನೋಡಬೇಕು.

ಒಟ್ಟಿಗೆ ನಾಲ್ಕು ಲೈಟ್ ಉರಿದರೆ?

ಎಬಿಎಸ್, ಪವರ್ ಸ್ಟೀರಿಂಗ್, ಏರ್‌ಬ್ಯಾಗ್, ಚೆಕ್ ಎಂಜಿನ್ ಎಲ್ಲವೂ ಒಮ್ಮೆಗೇ ಉರಿದರೆ ನಾಲ್ಕು ಭಾಗಗಳು ಒಂದೇ ದಿನ ಕೆಟ್ಟಿವೆ ಎಂದಲ್ಲ. ಬಹುತೇಕ ಸಲ ಕಾರಣ ಒಂದೇ: ಕಂಪ್ಯೂಟರ್ ಯೂನಿಟ್‌ಗಳಿಗೆ ಸರಿಯಾದ ವೋಲ್ಟೇಜ್ ಸಿಗುತ್ತಿಲ್ಲ. ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಅರ್ಧ ಉತ್ತರ ಸಿಕ್ಕಂತೆ. ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಗ್ಗೆ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಚಾಲೂ ಇದ್ದಾಗ ಹಳೆಯ ಕಾರುಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಇದಕ್ಕಿಂತ ತೀರಾ ಕಡಿಮೆಯಿದ್ದರೆ ಆಲ್ಟರ್ನೇಟರ್, ಬೆಲ್ಟ್ ಅಥವಾ ಬ್ಯಾಟರಿ ಟರ್ಮಿನಲ್ ಪರೀಕ್ಷಿಸಬೇಕು.

ನಂತರ ನೋಡಬೇಕಾದದ್ದು ಬಾಡಿ ಅರ್ತಿಂಗ್. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೂ ಎಂಜಿನ್‌ಗೂ ಹೋಗುವ ದಪ್ಪ ವೈರ್‌ಗಳ ಬೋಲ್ಟ್ ಕೆಳಗೆ ತುಕ್ಕು ಕೂತರೆ ಕಾರಿನ ಎಲೆಕ್ಟ್ರಿಕ್ ವ್ಯವಸ್ಥೆಯೇ ಅಡ್ಡಾದಿಡ್ಡಿಯಾಗುತ್ತದೆ. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಮತ್ತು ಎಸಿ ಹಾಕಿ, ಮೀಟರ್‌ನ ಒಂದು ತುದಿಯನ್ನು ಬ್ಯಾಟರಿ ನೆಗೆಟಿವ್‌ಗೂ ಇನ್ನೊಂದನ್ನು ಬಾಡಿಯ ಬರಿ ಲೋಹಕ್ಕೂ ಇಡಬೇಕು. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತಿಂಗ್ ಸರಿಯಿಲ್ಲ. ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿದರೆ ಕೆಲಸ ಮುಗಿಯಿತು. ಹೊಸ ಎಬಿಎಸ್ ಯೂನಿಟ್ ಬೆಲೆಯ ಮುಂದೆ ಈ ಖರ್ಚು ಏನೂ ಅಲ್ಲ.

ಕರಾವಳಿಯಲ್ಲಿ ಈ ಸಮಸ್ಯೆ ಹೆಚ್ಚಾಗಲು ಕಾರಣವಿದೆ. ಫೋರ್ಟ್ ಕೊಚ್ಚಿ, ವೈಪಿನ್ ಭಾಗಗಳಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು. ತಿರುವನಂತಪುರದ ಶಂಖುಮುಖಂ, ವೇಳಿ ಕಡೆಯೂ ಉಪ್ಪುಗಾಳಿ ನೇರವಾಗಿ ಬಡಿಯುತ್ತದೆ. ರಾಜಧಾನಿಗೆ ಅಕ್ಟೋಬರ್-ನವೆಂಬರ್‌ನ ತುಲಾವರ್ಷವೂ, ಅಂದರೆ ನಮ್ಮ ಹಿಂಗಾರು, ಚೆನ್ನಾಗಿ ಸುರಿಯುತ್ತದೆ. ಹೀಗಾಗಿ ವೈರ್ ಕನೆಕ್ಟರ್‌ಗಳ ಒಳಗೆ ತೇವ ಒಣಗುವುದೇ ಇಲ್ಲ. ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಮಂಗಳೂರು, ಉಡುಪಿ, ಕಾಸರಗೋಡಿನ ಕಾರು ಮಾಲೀಕರಿಗೆ ಇದು ಹೊಸ ವಿಷಯವಲ್ಲ.

ಎಬಿಎಸ್ ಲೈಟ್ ಇದಕ್ಕೆ ಮೊದಲ ಬಲಿ. ಚಕ್ರದ ಬಳಿಯ ಸ್ಪೀಡ್ ಸೆನ್ಸರ್ ಕೆಸರು, ನೀರು, ಉಪ್ಪು ಎಲ್ಲವನ್ನೂ ತಿನ್ನುತ್ತದೆ. ಸೆನ್ಸರ್ ತುದಿಗೆ ಅಥವಾ ಅದರ ಎದುರು ತಿರುಗುವ ಹಲ್ಲಿನ ಉಂಗುರಕ್ಕೆ ತುಕ್ಕು ಹಿಡಿದರೆ ಸಿಗ್ನಲ್ ತಪ್ಪುತ್ತದೆ. ಹೊಸ ಸೆನ್ಸರ್ ಕೊಳ್ಳುವ ಮೊದಲು ಚಕ್ರ ಬಿಚ್ಚಿ ಸ್ವಚ್ಛಗೊಳಿಸಿ ನೋಡಬೇಕು. ಲೈಟ್ ಉರಿಯುತ್ತಿರುವಾಗ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಎಬಿಎಸ್ ನೆರವಿಗೆ ಬರುವುದಿಲ್ಲ. ಒದ್ದೆ ರಸ್ತೆಯಲ್ಲಿ ಅದೇ ಬೇಕಾದದ್ದು. ಕನೆಕ್ಟರ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಪಿನ್‌ಗಳನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೆ ಮೇಲಿನ ಲೇಪ ಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ಕಿಲುಬುತ್ತದೆ.

ಏರ್‌ಬ್ಯಾಗ್ ಲೈಟ್‌ಗೆ ಒಂದು ಸಣ್ಣ ಕಾರಣ ಮುಂದಿನ ಸೀಟಿನ ಕೆಳಗಿರುತ್ತದೆ. ಅಲ್ಲಿರುವ ಹಳದಿ ಕನೆಕ್ಟರ್ ಸೀಟ್ ಹಿಂದೆ ಮುಂದೆ ಸರಿಸುವಾಗ, ಅಥವಾ ಒದ್ದೆ ಕೊಡೆಯನ್ನು ಅಲ್ಲಿಗೆ ತುರುಕಿದಾಗ ಸಡಿಲವಾಗುತ್ತದೆ. ಹಾಗೆಂದು ಅದನ್ನು ಮನೆಯಲ್ಲೇ ಮೀಟರ್ ಅಥವಾ ಟೆಸ್ಟ್ ಲ್ಯಾಂಪ್ ಹಾಕಿ ಪರೀಕ್ಷಿಸಬಾರದು. ಏರ್‌ಬ್ಯಾಗ್ ಸಿಡಿಯುವ ಅಪಾಯವಿದೆ. ಬ್ಯಾಟರಿ ಕಳಚಿ ಕೆಲವು ನಿಮಿಷ ಕಾದು ಕೆಲಸ ಮಾಡುವ ತರಬೇತಿ ಇರುವವರಿಗೇ ಬಿಡಬೇಕು.

ಗಲ್ಫ್‌ನಲ್ಲಿರುವವರ ಮನೆಗಳಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳದ್ದು ಬೇರೆಯೇ ಕಥೆ. ರಜೆಗೆ ಬಂದವರು ಕೀ ತಿರುಗಿಸಿದಾಗ ಬ್ಯಾಟರಿ ಸೊರಗಿರುತ್ತದೆ, ಬಾನೆಟ್ ಒಳಗೆ ಇಲಿ ವೈರ್ ಕಡಿದಿರುತ್ತದೆ. ಮಲಯಾಳ ಬಾರದ ಕನ್ನಡಿಗರು ಅಲ್ಲಿನ ಮೆಕಾನಿಕ್‌ಗೆ 'ಇಲಿ' ಎಂದರೆ ಸಾಕು, ಅವರ ಭಾಷೆಯಲ್ಲಿ ಅದು 'ಎಲಿ'.

ಸ್ಕ್ಯಾನ್ ಮಾಡಿದರೆ ಎಲ್ಲ ಗೊತ್ತಾಗುವುದೇ?

ಇಲ್ಲ. ಸ್ಕ್ಯಾನರ್ ಕೊಡುವ ಕೋಡ್ ಯಾವ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ ಎಂದು ಹೇಳುತ್ತದೆಯೇ ಹೊರತು ಯಾವ ಭಾಗ ಬದಲಿಸಬೇಕು ಎಂದಲ್ಲ. ಪಿ0113 ಎಂಬ ಕೋಡ್ ನೋಡಿ. ಎಂಜಿನ್‌ಗೆ ಹೋಗುವ ಗಾಳಿಯ ತಾಪಮಾನ ಅಳೆಯುವ ಸೆನ್ಸರ್‌ನ ವೋಲ್ಟೇಜ್ ಮಿತಿಗಿಂತ ಹೆಚ್ಚಿದೆ ಎಂದು ಇದರರ್ಥ. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಆಗ ತಾಪಮಾನ ಮೈನಸ್ 40 ಡಿಗ್ರಿ ಎಂದು ಕಾಣಿಸಬಹುದು. ಕೊಚ್ಚಿಯಲ್ಲಿ ಮೈನಸ್ 40 ಡಿಗ್ರಿ ಎಂದರೆ ಕನೆಕ್ಟರ್ ಕಳಚಿದೆ ಅಥವಾ ವೈರ್ ತುಂಡಾಗಿದೆ ಎಂದು ಮೊದಲು ಅನುಮಾನಿಸಬೇಕು. ಪಿ0420 ಬಂದಾಗಲೂ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವ ಮೊದಲು ಸೈಲೆನ್ಸರ್ ಪೈಪ್ ಸೋರಿಕೆ ಮತ್ತು ಆಕ್ಸಿಜನ್ ಸೆನ್ಸರ್ ನೋಡುವುದು ಒಳ್ಳೆಯದು.

ಕಾರು ಎಷ್ಟು ಹಳೆಯದು ಎಂಬುದೂ ಮುಖ್ಯ. ಬಿಎಸ್-4 ನಿಯಮ 2010ರಲ್ಲಿ ಬೆಂಗಳೂರು ಸೇರಿ 13 ನಗರಗಳಲ್ಲಿ ಮೊದಲು ಬಂತು. ಆ ಪಟ್ಟಿಯಲ್ಲಿ ಕೊಚ್ಚಿ ಇರಲಿಲ್ಲ. ದೇಶಾದ್ಯಂತ ಜಾರಿಯಾದದ್ದು 2017ರ ಏಪ್ರಿಲ್ 1ರಿಂದ. ಹಾಗಾಗಿ ಒಂದೇ ವರ್ಷದ ಎರಡು ಕಾರುಗಳಲ್ಲಿ ಒಂದಕ್ಕೆ ಮೊಬೈಲ್‌ಗೆ ಜೋಡಿಸುವ ಅಗ್ಗದ ಬ್ಲೂಟೂತ್ ರೀಡರ್ ಹೊಂದಬಹುದು, ಇನ್ನೊಂದಕ್ಕೆ ಕಂಪನಿಯ ಸ್ಕ್ಯಾನರ್ ಬೇಕಾಗಬಹುದು. ಅಗ್ಗದ ರೀಡರ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್ ಮತ್ತು ಏರ್‌ಬ್ಯಾಗ್‌ನದ್ದಲ್ಲ. ಕೋಡ್ ಅಳಿಸುವ ಮೊದಲು ಫೋಟೋ ತೆಗೆದಿಡಿ. ಬ್ಯಾಟರಿ ಕಳಚಿ ಲೈಟ್ ಆರಿಸುವ ಉಪಾಯ ಹಲವು ಕಾರುಗಳಲ್ಲಿ ಸಾಕ್ಷ್ಯವನ್ನೇ ಅಳಿಸಿಹಾಕುತ್ತದೆ.

ನೀರಿನಲ್ಲಿ ನಿಂತ ಕಾರಿಗೆ ಈ ಯಾವ ಲೆಕ್ಕವೂ ಅನ್ವಯಿಸದು. ಎರ್ನಾಕುಲಂನ ಕೆಎಸ್‌ಆರ್‌ಟಿಸಿ ನಿಲ್ದಾಣದ ಸುತ್ತ, ತಿರುವನಂತಪುರದ ತಂಪಾನೂರಿನಲ್ಲಿ ಜೋರು ಮಳೆಗೆ ರಸ್ತೆಯೇ ಕೆರೆಯಾಗುತ್ತದೆ. ನೀರು ಒಳಗಿನ ನೆಲಹಾಸಿನವರೆಗೆ ಬಂದಿದ್ದರೆ ಕೀ ತಿರುಗಿಸದೆ ಬ್ಯಾಟರಿ ಕಳಚಿ ಟೋ ಮಾಡಿಸಬೇಕು. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಕೊಚ್ಚಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿದ್ದಾಗ ಸುತ್ತಲಿನ ಎಷ್ಟೋ ಕಾರುಗಳು ಮುಳುಗಿದ್ದವು. ವೈರ್‌ಗಳ ಒಳಗೆ ಹೊಕ್ಕ ನೀರು ತಿಂಗಳುಗಳ ನಂತರವೂ ಕಾಡುತ್ತದೆ.

ಮುಳುಗಿದ ಕಾರು ಒರೆಸಿ ಮತ್ತೆ ಮಾರಾಟಕ್ಕೆ ಬರುವುದುಂಟು, ಉರಿಯುವ ಲೈಟ್‌ನ ಬಲ್ಬ್ ಕಿತ್ತು ಮಾರುವವರೂ ಇದ್ದಾರೆ. ಕೇರಳದಿಂದ ಸೆಕೆಂಡ್ ಹ್ಯಾಂಡ್ ಕಾರು ತರುವವರು ಎಂಜಿನ್ ಚಾಲೂ ಮಾಡದೆ ಕೀ ಆನ್ ಮಾಡಿ ಡ್ಯಾಶ್‌ಬೋರ್ಡ್ ನೋಡಬೇಕು. ಆಯಿಲ್, ಬ್ಯಾಟರಿ, ಚೆಕ್ ಎಂಜಿನ್, ಎಬಿಎಸ್, ಏರ್‌ಬ್ಯಾಗ್ ಲೈಟ್‌ಗಳು ಒಮ್ಮೆ ಬೆಳಗಲೇಬೇಕು. ಎಂಜಿನ್ ಚಾಲೂ ಆದ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಲೈಟ್ ಬೆಳಗದಿದ್ದರೆ ಕಾರಣ ಕೇಳಿ, ಜತೆಗೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ.