ಟ್ಯಾಲಿಯಲ್ಲಿ ಬಳಕೆದಾರರ ಖಾತೆ ಮತ್ತು ನೌಕರರ ದಾಖಲೆ

ಸಣ್ಣ ಹಾಗೂ ಮಧ್ಯಮ ಗಾತ್ರದ ವ್ಯಾಪಾರ ಸಂಸ್ಥೆಗಳು ಲೆಕ್ಕಪತ್ರಕ್ಕಾಗಿ ಭಾರತದಲ್ಲಿ ವ್ಯಾಪಕವಾಗಿ ಬಳಸುತ್ತಿರುವ ತಂತ್ರಾಂಶ ಟ್ಯಾಲಿ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ ಸ್ಥಾಪಿಸಿದ ಈ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. 2020ರಲ್ಲಿ ಬಿಡುಗಡೆಯಾದ ಆವೃತ್ತಿಗೆ ಟ್ಯಾಲಿಪ್ರೈಮ್ ಎಂದು ಹೆಸರು.

ಈ ತಂತ್ರಾಂಶದಲ್ಲಿ ವ್ಯಕ್ತಿಗಳ ಎರಡು ಪ್ರತ್ಯೇಕ ಪಟ್ಟಿಗಳಿರುತ್ತವೆ. ಒಂದು, ಲೆಕ್ಕವನ್ನು ತೆರೆದು ನೋಡುವ ಅಧಿಕಾರವುಳ್ಳವರದು. ಇನ್ನೊಂದು, ಸಂಬಳ ಪಡೆಯುವವರದು. ಕಾರ್ಖಾನೆಯ ಕಾರ್ಮಿಕರ ಹೆಸರು ಎರಡನೆಯದರಲ್ಲಿ ಮಾತ್ರ ಇರುತ್ತದೆ. ಹೊರಗಿನ ಲೆಕ್ಕಪರಿಶೋಧಕರ ಹೆಸರು ಮೊದಲನೆಯದರಲ್ಲಿ ಮಾತ್ರ.

ಬಳಕೆದಾರರ ಖಾತೆ

ಕಂಪನಿಯ ವಿವರ ದಾಖಲಿಸುವಾಗಲೇ ಬಳಕೆದಾರರ ನಿಯಂತ್ರಣವನ್ನು ಜಾರಿಗೊಳಿಸಬಹುದು. ಬಳಿಕ ಮಾಲೀಕ, ಡೇಟಾ ಎಂಟ್ರಿ ಮುಂತಾದ ಪಾತ್ರಗಳಿಗೆ ಅನುಗುಣವಾಗಿ ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ನೀಡಲಾಗುತ್ತದೆ. ಯಾವ ವರದಿ ನೋಡಬಹುದು, ಯಾವುದನ್ನು ತಿದ್ದಬಾರದು, ಎಷ್ಟು ದಿನ ಹಿಂದಿನ ವೋಚರ್ ದಾಖಲಿಸಬಹುದು ಎಂಬುದನ್ನೂ ಪಾತ್ರವೇ ನಿರ್ಧರಿಸುತ್ತದೆ.

ಅನೇಕ ಅಂಗಡಿಗಳಲ್ಲಿ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವುದು ರೂಢಿ. ಇದರ ಅಪಾಯ ಈಗ ಹೆಚ್ಚಾಗಿದೆ. ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿ ತಿದ್ದುಪಡಿಯ ಜಾಡನ್ನು ದಿನಾಂಕಸಹಿತ ಉಳಿಸಿಕೊಳ್ಳಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಟ್ಯಾಲಿಯ ಎಡಿಟ್ ಲಾಗ್ ಯಾವ ಬಳಕೆದಾರನ ಹೆಸರಿನಲ್ಲಿ ತಿದ್ದುಪಡಿ ನಡೆಯಿತೆಂಬುದನ್ನು ತೋರಿಸುತ್ತದೆ. ಎಲ್ಲರದೂ ಒಂದೇ ಹೆಸರಾದರೆ, ತಪ್ಪಿತಸ್ಥ ಮರೆಯಾಗುತ್ತಾನೆ, ನಿರಪರಾಧಿ ಸಂಶಯಕ್ಕೆ ಗುರಿಯಾಗುತ್ತಾನೆ.

ದತ್ತಾಂಶವನ್ನೇ ಗೂಢಲಿಪಿಗೆ ಪರಿವರ್ತಿಸುವ ಟ್ಯಾಲಿವಾಲ್ಟ್ ಸೌಲಭ್ಯವೂ ಇದೆ. ಆದರೆ ಅದರ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ಮಾರ್ಗವಿಲ್ಲ. ಆದ್ದರಿಂದ ಅದನ್ನು ಬರೆದು ಭದ್ರವಾಗಿ ಇರಿಸುವುದು ಅವಶ್ಯ.

ನೌಕರರ ದಾಖಲೆ

ವೇತನ ವಿಭಾಗದಲ್ಲಿ ನೌಕರರ ಗುಂಪು, ಸೇರಿದ ದಿನಾಂಕ, ಹುದ್ದೆ, ಜನ್ಮದಿನಾಂಕ, ಬ್ಯಾಂಕ್ ಖಾತೆ, ಪ್ಯಾನ್, ಭವಿಷ್ಯನಿಧಿಯ ಯುಎಎನ್ ಹಾಗೂ ಇಎಸ್ಐ ಸಂಖ್ಯೆಗಳಿಗೆ ಸ್ಥಳವಿದೆ. ಮೂಲವೇತನ, ಭತ್ಯೆ, ಕಡಿತಗಳನ್ನು ಪ್ರತ್ಯೇಕ ಶೀರ್ಷಿಕೆಗಳಾಗಿ ರಚಿಸಿ ಹಾಜರಾತಿಗೆ ಜೋಡಿಸಿದರೆ ಸಂಬಳಪಟ್ಟಿ ಸಿದ್ಧವಾಗುತ್ತದೆ.

ಇಲ್ಲಿ ಅತ್ಯಂತ ಎಚ್ಚರ ಬೇಕಾದುದು ಹೆಸರಿನ ವಿಷಯದಲ್ಲಿ. ಕರ್ನಾಟಕದಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಕೆಲವರು ಹೆಸರಿನ ಮುಂದೆ, ಕೆಲವರು ಕೊನೆಯಲ್ಲಿ ಬರೆಯುತ್ತಾರೆ. ಭವಿಷ್ಯನಿಧಿಯ ದಾಖಲೆ ಮತ್ತು ಆಧಾರ್‌ನಲ್ಲಿ ಹೆಸರು ಅಥವಾ ಜನ್ಮದಿನಾಂಕ ಹೊಂದಿಕೆಯಾಗದಿದ್ದರೆ ಹಣ ಪಡೆಯುವಾಗ ತೊಡಕಾಗುತ್ತದೆ. ಕಚೇರಿಯಲ್ಲಿ ನಡೆದ ಒಂದಕ್ಷರದ ಪ್ರಮಾದಕ್ಕೆ ಕಾರ್ಮಿಕ ಅಲೆದಾಡಬೇಕಾಗುತ್ತದೆ. ಆದುದರಿಂದ ಬಾಯಿಮಾತಿನ ಬದಲು ಆಧಾರ್ ನೋಡಿಯೇ ಹೆಸರು ದಾಖಲಿಸುವುದು ಲೇಸು.

ಕೆಲಸ ಬಿಟ್ಟಾಗ

ನೌಕರ ಕೆಲಸ ಬಿಟ್ಟಾಗ ಎರಡೂ ಪಟ್ಟಿಗಳನ್ನು ಗಮನಿಸಬೇಕು. ಆತನಿಗೆ ಬಳಕೆದಾರ ಖಾತೆಯಿದ್ದರೆ ಪ್ರವೇಶವನ್ನು ಅದೇ ದಿನ ರದ್ದುಪಡಿಸಬೇಕು. ನೌಕರರ ದಾಖಲೆಯನ್ನು ಮಾತ್ರ ಅಳಿಸದೆ, ನಿರ್ಗಮನದ ದಿನಾಂಕವನ್ನು ನಮೂದಿಸಬೇಕು. ಹಿಂದಿನ ಸಂಬಳ ಹಾಗೂ ಕಡಿತಗಳ ಪುರಾವೆ ಅದರಲ್ಲಿಯೇ ಇರುತ್ತದೆ. ಭವಿಷ್ಯನಿಧಿಯ ಜಾಲತಾಣದಲ್ಲಿಯೂ ಅದೇ ದಿನಾಂಕ ದಾಖಲಾಗಿದೆಯೇ ಎಂದು ಪರಿಶೀಲಿಸಿದರೆ ಆ ನೌಕರನ ಮುಂದಿನ ದಾರಿ ಸುಗಮವಾಗುತ್ತದೆ.