ಗಡಿಯಾರದೊಡನೆ ಓಟ: ಕಾಮ್ರೇಡ್ಸ್ ಮ್ಯಾರಥಾನಿನ ನೂರು ವರ್ಷ

1893ರಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರದಬ್ಬಿದ ಊರೆಂದು ಕನ್ನಡ ಓದುಗರಿಗೆ ಪರಿಚಿತವಾಗಿರುವ ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಕಡಲ ದಂಡೆಯ ಡರ್ಬನ್‌ವರೆಗೆ, ದಕ್ಷಿಣ ಆಫ್ರಿಕಾದ ನಟಾಲ್ ಸೀಮೆಯ ಗುಡ್ಡಗಳನ್ನು ಹತ್ತಿಳಿಯುತ್ತ ಸಾಗುವ ಹಳೆಯ ರಸ್ತೆಯ ಉದ್ದ ಸುಮಾರು 90 ಕಿಲೋಮೀಟರ್. ಈ ಹಾದಿಯಲ್ಲಿ 1921ರಿಂದ ನಡೆದುಬಂದಿರುವ ಕಾಮ್ರೇಡ್ಸ್ ಮ್ಯಾರಥಾನ್, ಅಲ್ಟ್ರಾ ಓಟಗಳಲ್ಲಿ, ಎಂದರೆ 42.195 ಕಿಲೋಮೀಟರಿನ ಮ್ಯಾರಥಾನನ್ನು ಮೀರಿದ ದೂರದ ಓಟಗಳಲ್ಲಿ, ಅತ್ಯಂತ ಹಳೆಯದೂ ದೊಡ್ಡದೂ ಎಂದು ಹೆಸರಾಗಿದೆ. ಗೆದ್ದವರ ಪಟ್ಟಿಯಷ್ಟರಿಂದಲೇ ಈ ಓಟದ ಚರಿತ್ರೆಯನ್ನು ಅರಿಯಲಾಗದು. ಗೆಲ್ಲುವ ಆಸೆಯೇ ಇಲ್ಲದೆ, ತಮಗೆ ತಾವೇ ಗೊತ್ತುಮಾಡಿಕೊಂಡ ಒಂದು ವೇಳೆಯೊಳಗೆ ಗುರಿ ಮುಟ್ಟಲು ಹೆಣಗಿದ ಸಾಮಾನ್ಯರೇ ಅದರ ನಿಜವಾದ ನಾಯಕರು.

ಓಟವನ್ನು ಹುಟ್ಟುಹಾಕಿದ ವಿಕ್ ಕ್ಲ್ಯಾಪಮ್ ಕೂಡ ಅಂಥ ಸಾಮಾನ್ಯನೇ. ರೈಲ್ವೆ ಎಂಜಿನ್ ಚಾಲಕನಾಗಿದ್ದ ಅವನು ಮೊದಲ ಮಹಾಯುದ್ಧದಲ್ಲಿ ಕಾಲಾಳಾಗಿ ಸೇರಿ, ಜರ್ಮನ್ ಪೂರ್ವ ಆಫ್ರಿಕಾದ ಬಿಸಿಲಿನಲ್ಲಿ ಸುಮಾರು 2,700 ಕಿಲೋಮೀಟರ್ ದೂರವನ್ನು ನಡೆದಿದ್ದನು. ಮಡಿದ ಸಂಗಾತಿಗಳಿಗೆ ಕಲ್ಲಿನ ಸ್ಮಾರಕಕ್ಕಿಂತ, ಅವರು ಪಟ್ಟ ಪಾಡನ್ನು ನೆನಪಿಗೆ ತರುವಂಥ ಒಂದು ದೇಹಪರೀಕ್ಷೆಯೇ ತಕ್ಕದ್ದೆಂದು ಅವನಿಗೆ ತೋರಿತು. ಯುದ್ಧದಿಂದ ಮರಳಿದ ಸೈನಿಕರ ಸಂಘವು ಇಷ್ಟು ದೂರದ ಓಟ ಮನುಷ್ಯಮಾತ್ರರಿಗೆ ಮೀರಿದ್ದೆಂದು ಹಿಂಜರಿದಾಗ, ಊರಿನ ಕೆಲಸ ಬಿಟ್ಟು ಬಂದ ಸಾಧಾರಣ ಜನರೇ ಸೈನ್ಯದಲ್ಲಿ ಅಷ್ಟು ದೂರ ನಡೆದಿರುವಾಗ, ಅಭ್ಯಾಸವುಳ್ಳ ಓಟಗಾರರಿಗೆ ಇದೇಕೆ ಅಸಾಧ್ಯ ಎಂಬುದು ಅವನ ವಾದವಾಗಿತ್ತು. 1918ರಿಂದ ಮತ್ತೆ ಮತ್ತೆ ಕೇಳಿ, ಮತ್ತೆ ಮತ್ತೆ ಇಲ್ಲವೆನ್ನಿಸಿಕೊಂಡ ಬಳಿಕ, ಖರ್ಚಿಗೆಂದು ಹಿಂದಿರುಗಿಸಬೇಕಾದ ಒಂದು ಪೌಂಡ್ ಹಣದೊಂದಿಗೆ 1921ರಲ್ಲಿ ಅವನಿಗೆ ಅನುಮತಿ ದೊರೆಯಿತು. ಆ ವರ್ಷದ ಮೇ 24ರಂದು, ಬಹುಪಾಲು ಡಾಂಬರು ಕಾಣದ ಮಣ್ಣುರಸ್ತೆಯಲ್ಲಿ ಹೊರಟ 34 ಮಂದಿಯಲ್ಲಿ 16 ಮಂದಿ ಡರ್ಬನ್ ಮುಟ್ಟಿದರು. 8 ಗಂಟೆ 59 ನಿಮಿಷಗಳಲ್ಲಿ ಬಂದ ಬಿಲ್ ರೋವನ್ ಮೊದಲಿಗನಾದನು.

ಮರುವರ್ಷ ಓಟದ ದಿಕ್ಕನ್ನು ತಿರುಗಿಸಿ ಡರ್ಬನ್‌ನಿಂದ ಮೇಲಕ್ಕೆ ಓಡಿಸಲಾಯಿತು. ಒಂದು ವರ್ಷ ಏರು ಓಟ, ಮರುವರ್ಷ ಇಳಿ ಓಟ ಎಂಬ ಪದ್ಧತಿ ಬೇರೂರಿದ್ದು ಹೀಗೆ. 1922ರ ಓಟವನ್ನು ಗೆದ್ದ ಆರ್ಥರ್ ನ್ಯೂಟನ್ 39 ವರ್ಷ ವಯಸ್ಸಿನ ರೈತನಾಗಿದ್ದು, ಜಮೀನಿನ ವಿಷಯದಲ್ಲಿ ಸರ್ಕಾರದಿಂದ ತನಗಾದ ಅನ್ಯಾಯದ ಕಡೆಗೆ ಜನರ ಗಮನ ಸೆಳೆಯಬೇಕೆಂದು ಕೆಲವೇ ತಿಂಗಳ ಹಿಂದೆ ಓಟವನ್ನು ಕೈಗೊಂಡಿದ್ದನು. ಅವನು ಒಟ್ಟು ಐದು ಬಾರಿ ಗೆದ್ದನಾದರೂ, ಆ ಗೆಲುವುಗಳಿಗಿಂತ ಮುಖ್ಯವಾದದ್ದು ಅವನು ಕಂಡುಕೊಂಡ ಅಭ್ಯಾಸಕ್ರಮ: ವೇಗಕ್ಕೆ ಆತುರಪಡದೆ, ನಿಧಾನವಾಗಿ, ದಿನದಿನವೂ ಬಹುದೂರ ಓಡುತ್ತ ದೇಹವನ್ನು ಪಳಗಿಸಬೇಕೆಂಬ ಈ ಕ್ರಮವೇ ಮುಂದಿನ ದೀರ್ಘದೂರದ ಓಟಗಾರರಿಗೆಲ್ಲ ತಳಹದಿಯಾಯಿತು. ಹಾದಿಯ ನಡುಮಧ್ಯೆ, ದಿಬ್ಬದ ಬದಿಯಲ್ಲಿ, ಅವನು ದಣಿವಾರಿಸಿಕೊಳ್ಳುತ್ತಿದ್ದನೆಂದು ಹೇಳುವ ಒಂದು ಪೊಟರೆಯಿದ್ದು, ಇಂದಿಗೂ ಓಟಗಾರರು ಅಲ್ಲಿ ಹೂವನ್ನಿಟ್ಟು, ಆರ್ಥರನಿಗೆ ಶುಭೋದಯ ಹೇಳಿ ಮುಂದೆ ಸಾಗುತ್ತಾರೆ.

ಈ ಓಟದ ಆತ್ಮವಿರುವುದು ಅದರ ಕಾಲಮಿತಿಯಲ್ಲಿ. ಮೊದಲು 12 ಗಂಟೆಯಿದ್ದ ಮಿತಿಯನ್ನು 1928ರಲ್ಲಿ 11ಕ್ಕೆ ಇಳಿಸಲಾಗಿತ್ತು. 2003ರಿಂದ ಅದು ಮತ್ತೆ 12 ಗಂಟೆಯಾಗಿ ನಿಂತಿದೆ. ಮಿತಿ ಮುಗಿಯುವ ಕ್ಷಣದಲ್ಲಿ ಅಧಿಕಾರಿಯೊಬ್ಬರು ಬರುತ್ತಿರುವವರಿಗೆ ಬೆನ್ನು ತಿರುಗಿಸಿ ನಿಂತು ಗುಂಡು ಹಾರಿಸುತ್ತಾರೆ. ಯಾರ ಮುಖವನ್ನೂ ನೋಡದೆ ನಿಯಮವನ್ನು ನಡೆಸುವ ರೀತಿ ಅದು. ಗೆರೆಗೆ ಒಂದೇ ಹೆಜ್ಜೆ ಉಳಿದಿದ್ದವರಿಗೂ ಪದಕವಿಲ್ಲ. ಪದಕವಾದರೋ ನಾಣ್ಯದಷ್ಟೇ ಚಿಕ್ಕದು. ಆದರೂ ಅದಕ್ಕಾಗಿ ಜನ ವರ್ಷಗಟ್ಟಲೆ ದುಡಿಯುತ್ತಾರೆ. ಹತ್ತು ಬಾರಿ ಓಟ ಮುಗಿಸಿದವರಿಗೆ ಅವರು ಓಟದಲ್ಲಿ ಧರಿಸುವ ಸಂಖ್ಯೆ ಶಾಶ್ವತವಾಗಿ ಮೀಸಲಾಗುತ್ತದೆ; ಇದನ್ನು ಹಸಿರು ಸಂಖ್ಯೆ ಎನ್ನುತ್ತಾರೆ. 1930ರಲ್ಲಿ 21ನೆಯ ವಯಸ್ಸಿನಲ್ಲಿ ಮೊದಲ ಸಲ ಗೆದ್ದ ವಾಲಿ ಹೇವರ್ಡ್, 1989ರಲ್ಲಿ ತನ್ನ 80ನೆಯ ವಯಸ್ಸಿನಲ್ಲಿ ಮತ್ತೆ ಓಡಿ, ಅಂದಿನ 11 ಗಂಟೆಯ ಮಿತಿಗೆ 2 ನಿಮಿಷವೂ ಉಳಿಯದಿದ್ದಾಗ ಗುರಿ ಮುಟ್ಟಿದನು. 1930ರಲ್ಲಿ ಅವನಿಗೆ 37 ಸೆಕೆಂಡುಗಳಲ್ಲಿ ಸೋತಿದ್ದ ಫಿಲ್ ಮಾಸ್ಟರ್‌ಟನ್-ಸ್ಮಿತ್ ಮರುವರ್ಷ ಗೆದ್ದನಲ್ಲದೆ, 1933ರಲ್ಲಿ ರೈಲು ಚಾರ್ಜಿಗೆ ಕಾಸಿಲ್ಲದೆ ಕೇಪ್‌ಟೌನ್‌ನಿಂದ ಸೈಕಲ್ ತುಳಿದು ಬಂದು ಓಡಿದನು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಉತ್ತರ ಆಫ್ರಿಕಾದ ಟೋಬ್ರುಕ್ ಯುದ್ಧಭೂಮಿಯಲ್ಲಿ ಅವನು ಮಡಿದನು.

ಸಾಮಾನ್ಯರ ಓಟವೆಂದು ಹೊರಟ ಇದು ಎಲ್ಲ ಸಾಮಾನ್ಯರನ್ನೂ ಒಳಗೆ ಬಿಡಲಿಲ್ಲವೆಂಬುದನ್ನು ಮುಚ್ಚಿಟ್ಟರೆ ಚರಿತ್ರೆ ಸುಳ್ಳಾಗುತ್ತದೆ. 1923ರಲ್ಲಿ ಫ್ರಾನ್ಸಿಸ್ ಹೇವರ್ಡ್ ಎಂಬ ಮಹಿಳೆಯ ಪ್ರವೇಶವನ್ನು ನಿರಾಕರಿಸಲಾಗಿ, ಆಕೆ ಅನಧಿಕೃತವಾಗಿಯೇ ಓಡಿ 11 ಗಂಟೆ 35 ನಿಮಿಷಗಳಲ್ಲಿ ಮುಗಿಸಿದಾಗ, ಪದಕದ ಬದಲಿಗೆ ಜನರೇ ಹಣ ಕೂಡಿಸಿ ಬೆಳ್ಳಿಯ ಚಹಾಪಾತ್ರೆಗಳನ್ನು ಕೊಟ್ಟರು. 1935ರಲ್ಲಿ ರಾಬರ್ಟ್ ಮ್ಚಾಲಿ ಎಂಬ ಕಪ್ಪು ಓಟಗಾರ 9 ಗಂಟೆ 30 ನಿಮಿಷಗಳಲ್ಲಿ ಗುರಿ ತಲುಪಿದರೂ ಅವನ ಹೆಸರು ಅಧಿಕೃತ ಫಲಿತಾಂಶದಲ್ಲಿ ಸೇರಲಿಲ್ಲ. ಮಹಿಳೆಯರಿಗೂ ಎಲ್ಲ ಜನಾಂಗದವರಿಗೂ ಬಾಗಿಲು ತೆರೆದದ್ದು 1975ರಲ್ಲಿ. ಸ್ಯಾಮ್ ಷಬಲಾಲ ಮೊದಲ ಕಪ್ಪು ವಿಜೇತನಾದದ್ದು 1989ರಲ್ಲಿ. ಹೊರಗಿಡಲ್ಪಟ್ಟವರ ಛಲವೇ ಈ ಓಟದ ಮರ್ಯಾದೆಯನ್ನು ಉಳಿಸಿತೆಂದು ಹೇಳಲೇಬೇಕು. 2019ರಿಂದ, 9 ಗಂಟೆ ಮೀರಿ 10 ಗಂಟೆಯೊಳಗೆ ಓಟ ಮುಗಿಸುವವರಿಗೆ ಕೊಡುವ ಪದಕಕ್ಕೆ ರಾಬರ್ಟ್ ಮ್ಚಾಲಿಯ ಹೆಸರಿಡಲಾಗಿದೆ.