ನಾಯಿಯ ಉದರವನ್ನು ಧ್ವನಿಯಿಂದ ಅರಿತ ಬಗೆ

1896ರ ಡಿಸೆಂಬರಿನಲ್ಲಿ, ರಂಟ್ಗನ್ನರ ಎಕ್ಸ್‌ರೇ ಕಿರಣಗಳು ಲೋಕಕ್ಕೆ ತಿಳಿದು ಸುಮಾರು ವರ್ಷವೊಂದು ಕಳೆಯುತ್ತಿದ್ದ ಸಮಯದಲ್ಲಿ, ಹಾರ್ವರ್ಡ್ ವೈದ್ಯಕೀಯ ಶಾಲೆಯ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ನಾಯಿಯೊಂದಕ್ಕೆ ಮುತ್ತಿನ ಚಿಪ್ಪಿನ ಗುಂಡಿಯನ್ನು ನುಂಗಿಸಿ, ಅದು ಅನ್ನನಾಳದಲ್ಲಿ ಇಳಿದುಹೋಗುವುದನ್ನು ಹೊಳೆಯುವ ತೆರೆಯ ಮೇಲೆ ಕಂಡರು. ಜೀವಂತ ದೇಹದ ಜೀರ್ಣಮಾರ್ಗವನ್ನು ಕೊಯ್ಯದೆ ನೋಡುವ ವಿದ್ಯೆಯ ಆರಂಭದಲ್ಲಿಯೇ ನಾಯಿಯಿದ್ದಿತು. ಆದರೆ ಆ ವಿದ್ಯೆಯ ಫಲವು ನಾಯಿಗೆ ದೊರೆಯಲು ಹತ್ತಿರಹತ್ತಿರ ಒಂದು ಶತಮಾನವೇ ಬೇಕಾಯಿತು.

ವಾರಗಟ್ಟಲೆ ವಾಂತಿ ಮಾಡಿಕೊಂಡು ಸೊರಗುವ ನಾಯಿ ತನ್ನ ವೇದನೆಯ ನೆಲೆಯನ್ನು ಹೇಳಲಾರದು. ಜಠರದಲ್ಲಿ ಮೂಳೆಯೋ ಕಲ್ಲೋ ಸಿಕ್ಕಿಕೊಂಡಿದ್ದರೆ ಎಕ್ಸ್‌ರೇ ತೋರಿಸೀತು. ಬೇರಿಯಂ ಕುಡಿಸಿ ಗಂಟೆಗಟ್ಟಲೆ ಚಿತ್ರ ತೆಗೆದರೆ ಮಾರ್ಗದ ಹೊರಗೆರೆಯೂ ಅದರೊಳಗಣ ತಡೆಯೂ ತಿಳಿದೀತು. ಆದರೆ ದೀರ್ಘಕಾಲದ ವಾಂತಿಯ ಕಾರಣವು ಎಷ್ಟೋ ವೇಳೆ ಅಡಗಿರುವುದು ಜಠರ ಮತ್ತು ಕರುಳುಗಳ ಭಿತ್ತಿಯಲ್ಲಿ, ಇಲ್ಲವೆ ಅವುಗಳಿಂದಾಚೆಗೆ ಮೂತ್ರಪಿಂಡ, ಯಕೃತ್ತು, ಮೇದೋಜೀರಕಾಂಗಗಳಲ್ಲಿ. ಅಲ್ಲಿಯ ಸೂಕ್ಷ್ಮ ವ್ಯತ್ಯಾಸಗಳೆಲ್ಲ ಎಕ್ಸ್‌ರೇ ಚಿತ್ರದ ಒಂದೇ ಬೂದುಬಣ್ಣದಲ್ಲಿ ಬೆರೆತುಹೋಗುತ್ತಿದ್ದುದರಿಂದ, ಹೊಟ್ಟೆಯನ್ನು ಸೀಳಿ ನೋಡುವುದೇ ಬಹುಕಾಲ ವೈದ್ಯನ ಕೊನೆಯ ಆಶ್ರಯವಾಗಿದ್ದಿತು.

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಅತಿಯಾಗಿ ಸೆಳೆಯುವ ಸಂಗತಿಯೆಂದರೆ, ಕಿವಿಗೆ ಕೇಳದ ಧ್ವನಿಯ ಪ್ರತಿಧ್ವನಿಗಳಿಂದ ದೇಹದೊಳಗನ್ನು ಕಾಣುವ ವೈದ್ಯಕೀಯ ಅಲ್ಟ್ರಾಸೌಂಡಿನ ಮೊದಲ ಪ್ರಶ್ನೆಗಳಲ್ಲೊಂದು ಕರುಳಿನ ಭಿತ್ತಿಯನ್ನು ಕುರಿತದ್ದೇ ಆಗಿತ್ತೆಂಬುದು. ಎರಡನೆಯ ಮಹಾಯುದ್ಧದ ಕಾಲದ ಲಂಡನ್ನಿನಲ್ಲಿ ಬಾಂಬಿನ ಆಘಾತದಿಂದ ಕರುಳು ಉಬ್ಬಿದ ರೋಗಿಗಳನ್ನು ಕಂಡಿದ್ದ ಶಸ್ತ್ರವೈದ್ಯ ಜಾನ್ ವೈಲ್ಡ್, ಯುದ್ಧಾನಂತರ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಹೋಗಿ, ರೇಡಾರ್ ಅಭ್ಯಾಸಕ್ಕಾಗಿ ನೌಕಾಪಡೆ ಬಳಸುತ್ತಿದ್ದ, ಸೆಕೆಂಡಿಗೆ ಒಂದೂವರೆ ಕೋಟಿ ಕಂಪನಗಳನ್ನು ಹೊಮ್ಮಿಸುವ ಉಪಕರಣವೊಂದನ್ನು ಕರುಳಿನ ಭಿತ್ತಿಯನ್ನು ಅಳೆಯುವ ಕಾರ್ಯಕ್ಕೆ ತೊಡಗಿಸಿದರು. ಭಿತ್ತಿಯ ಬೇರೆಬೇರೆ ಪದರಗಳಿಂದ ಬೇರೆಬೇರೆ ಪ್ರತಿಧ್ವನಿಗಳು ಮರಳುವುವೆಂದೂ, ಅರ್ಬುದದ ಪ್ರತಿಧ್ವನಿಯು ಆರೋಗ್ಯವಂತ ಅಂಗಾಂಶದ್ದಕ್ಕಿಂತ ಭಿನ್ನವೆಂದೂ ಅವರು ಕಂಡುಕೊಂಡರು. 1950ರಲ್ಲಿ ಈ ಫಲಿತಾಂಶಗಳನ್ನು ಪ್ರಕಟಿಸಿದರು. ಎಂಟು ವರ್ಷಗಳ ತರುವಾಯ ಗ್ಲಾಸ್ಗೋ ನಗರದ ಪ್ರಸೂತಿವೈದ್ಯ ಇಯಾನ್ ಡೊನಾಲ್ಡರ ಪ್ರಬಂಧ ಹೊರಬಂದ ಮೇಲೆ, ಲೋಕದ ಲಕ್ಷ್ಯವೆಲ್ಲ ಗರ್ಭಸ್ಥ ಶಿಶುವಿನ ಕಡೆಗೆ ಹರಿಯಿತು.

ಪ್ರಾಣಿಗಳ ವಿಷಯದಲ್ಲಿ ಈ ಧ್ವನಿ ಮೊದಲು ಹಿಡಿದದ್ದು ಸಂತೆಯ ದಾರಿಯನ್ನು. ಹಂದಿ ದನಗಳ ಬೆನ್ನಿನ ಕೊಬ್ಬನ್ನು ಅಳೆದದ್ದು 1950ರ ದಶಕದಲ್ಲಿ. ಕುರಿಯ ಗರ್ಭವನ್ನು ಇವಾನ್ ಲಿಂಡಾಲ್ ಗುರುತಿಸಿದ್ದು 1966ರಲ್ಲಿ. ಫ್ರಾನ್ಸಿನಲ್ಲಿ ಹೆಣ್ಣುಕುದುರೆಯ ಗರ್ಭಾಶಯವನ್ನು ಪರೀಕ್ಷಿಸಿದ ವರದಿ ಬಂದದ್ದು 1980ರಲ್ಲಿ. ಮಾರಾಟದ ಬೆಲೆಯಿಲ್ಲದ, ಕೇವಲ ಮಮತೆಗೆ ಪಾತ್ರವಾದ ನಾಯಿಯ ಕರುಳಿಗೆ ಸರದಿ ಬಂದದ್ದು ತಡವಾಗಿ. ಇದು ಕಾಲದ ಅಪರಾಧವಲ್ಲ, ಮನುಷ್ಯನ ಆದ್ಯತೆಯ ಫಲ.

1989ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಡೊಮಿನಿಕ್ ಪೆನ್ನಿಂಕ್ ಮತ್ತು ಸಂಗಡಿಗರು ಆರೋಗ್ಯವಂತ ನಾಯಿಯ ಜೀರ್ಣಮಾರ್ಗವು ಅಲ್ಟ್ರಾಸೌಂಡಿನಲ್ಲಿ ಹೇಗೆ ಕಾಣುವುದೆಂದು ವಿವರಿಸಿದರು. ಭಿತ್ತಿಯಲ್ಲಿ ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ ಎಂಬ ಐದು ಪಟ್ಟೆಗಳು. ಮೂರರಿಂದ ಐದು ಮಿಲಿಮೀಟರ್ ದಪ್ಪದ ಜಠರಭಿತ್ತಿ. ನಿಮಿಷಕ್ಕೆ ನಾಲ್ಕೈದು ಬಾರಿ ಹಾಯುವ ಜಠರದ ಅಲೆ. ಸಹಜವಾದುದರ ಈ ಲೆಕ್ಕ ಸಿಕ್ಕಿದ ಮೇಲೆಯೇ ವಿಕಾರಕ್ಕೆ ಅರ್ಥ ಬಂದಿತು. ಜಠರದ ಕೆಳದ್ವಾರದ ಸ್ನಾಯು ದಪ್ಪಗಾಗಿ ಆಹಾರವನ್ನು ತಡೆದಿರುವುದೂ, ನುಂಗಿದ ಬಟ್ಟೆಯ ಹಿಂದೆ ಬೀಳುವ ಕಪ್ಪು ನೆರಳೂ, ದಾರವೊಂದು ಸಿಕ್ಕಿ ಕರುಳು ನೆರಿಗೆಗಟ್ಟಿರುವುದೂ ಕಣ್ಣಿಗೆ ಬಿದ್ದವು. ಪೆನ್ನಿಂಕರ ತಂಡವೇ 2003ರಲ್ಲಿ ತೋರಿಸಿದಂತೆ, ಉರಿಯೂತದಲ್ಲಿ ಭಿತ್ತಿ ಉಬ್ಬಿದರೂ ಪದರಗಳು ಬಹುಮಟ್ಟಿಗೆ ಉಳಿಯುತ್ತವೆ. ಅರ್ಬುದವಾದರೋ ಪದರಗಳನ್ನೇ ಅಳಿಸಿಬಿಡುವುದು.

ಆದರೂ ಈ ಸಾಕ್ಷಿಗೆ ಮಿತಿಯುಂಟು. ಹೊಟ್ಟೆಯೊಳಗಣ ವಾಯುವೂ ರೋಮದ ನಡುವಣ ಗಾಳಿಯೂ ಧ್ವನಿಯನ್ನು ತಡೆಯುತ್ತವೆ. ಆದುದರಿಂದಲೇ ನಾಯಿಯನ್ನು ಉಪವಾಸವಿರಿಸಿ, ರೋಮ ಕತ್ತರಿಸಿ, ಜೆಲ್ ಸವರಿ ಪರೀಕ್ಷಿಸುವುದು. ದೀರ್ಘಕಾಲದಿಂದ ವಾಂತಿ ಮಾಡುತ್ತಿದ್ದ ನಾಯಿಗಳನ್ನು ಕುರಿತು ವರ್ಜೀನಿಯಾದ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕ್ಯಾನಿಂಗಿನಿಂದ ಹೆಚ್ಚಿನ ಪ್ರಯೋಜನವಾದದ್ದು ವಯಸ್ಸಾದ ನಾಯಿಗಳಿಗೆ ಮತ್ತು ಅರ್ಬುದಪೀಡಿತ ನಾಯಿಗಳಿಗೆ. ಉಳಿದ ಅನೇಕವುಗಳಲ್ಲಿ ಅದು ಹೊಸತೇನನ್ನೂ ಹೇಳಲಿಲ್ಲ. ಈ ಕಾರಣದಿಂದ ವಿವೇಕಿಯಾದ ವೈದ್ಯನು, ನಾಯಿ ನಿಜವಾಗಿ ವಾಂತಿ ಮಾಡುತ್ತಿದೆಯೋ ಅಥವಾ ಜಠರ ಸೇರದ ಅನ್ನವನ್ನು ಶ್ರಮವಿಲ್ಲದೆ ಹೊರಗೆಡವುತ್ತಿದೆಯೋ ಎಂದು ಮನೆಯವರನ್ನು ಕೂಲಂಕಷವಾಗಿ ವಿಚಾರಿಸಿ, ರಕ್ತ, ಮೂತ್ರ, ಮಲಗಳನ್ನು ಪರೀಕ್ಷಿಸಿ, ಆಹಾರ ಬದಲಿಸಿ ನೋಡಿದ ಬಳಿಕ ಯಂತ್ರದ ಬಳಿಗೆ ಹೋಗುತ್ತಾನೆ. ಅದರಲ್ಲಿ ಭಿತ್ತಿಯ ವಿಕಾರ ಕಂಡರೂ, ರೋಗದ ಹೆಸರನ್ನು ಹೇಳುವ ಮುನ್ನ ಎಂಡೋಸ್ಕೋಪಿನಿಂದಲೋ ಶಸ್ತ್ರಕ್ರಿಯೆಯಿಂದಲೋ ತೆಗೆದ ಸಣ್ಣ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ಇರಿಸಿ ನೋಡಿಸುತ್ತಾನೆ.